ಪೈಪ್ ಸ್ಟ್ರೆಸ್: ಸಾಫ್ಟ್‌ವೇರ್ ತೆರೆಯುವ ಮೊದಲು ಕೈಲೆಕ್ಕದಲ್ಲಿ ಏನೇನು ಕಲಿಯಬೇಕು?

ಪ್ರಶ್ನೆ
ಸೀಸರ್ 2 ಎಂಬ ಪೈಪ್ ಸ್ಟ್ರೆಸ್ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಹಾಕಿ ರನ್ ಮಾಡುವುದು ಬರುತ್ತದೆ. ಫೇಲ್ ಬಂದಾಗ ಸಪೋರ್ಟ್ ಸೇರಿಸಬೇಕೋ ತೆಗೆಯಬೇಕೋ ತಿಳಿಯದೆ, ಪಾಸ್ ಆಗುವವರೆಗೂ ಬದಲಿಸುತ್ತಾ ಹೋಗುತ್ತೇನೆ. 6 ಇಂಚು, ಶೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ), ಎ106 ಗ್ರೇಡ್ ಬಿ (ಕಾರ್ಬನ್ ಉಕ್ಕು) ಪೈಪ್. 30 ಮೀಟರ್ ನೇರ ಓಟ, ಆಮೇಲೆ ಎಲ್ಬೋ (ತಿರುವಿನ ತುಂಡು). 30ರಿಂದ 230 ಡಿಗ್ರಿ ಸೆಲ್ಸಿಯಸ್. ಇದನ್ನೇ ಇಟ್ಟುಕೊಂಡು ಮೂಲದಿಂದ ಕಲಿಯುವುದು ಹೇಗೆ?

ಉತ್ತರ 1
ಮೊದಲು ಹಿಗ್ಗುವಿಕೆ. ಮೀಟರಿಗೆ, ಡಿಗ್ರಿಗೆ ಸುಮಾರು 0.012 ಮಿ.ಮೀ. ಅಂದರೆ 30 × 200 × 0.012 = 72 ಮಿ.ಮೀ. ಎರಡೂ ತುದಿ ಬಿಗಿದರೆ ಸ್ಟ್ರೆಸ್ ಲೆಕ್ಕಕ್ಕೆ 480 ಎಂಪಿಎ (ಮೆಗಾಪಾಸ್ಕಲ್) ಬರುತ್ತದೆ; ಈ ಉಕ್ಕಿನ ಯೀಲ್ಡ್ (ಶಾಶ್ವತವಾಗಿ ಆಕಾರ ಕೆಡತೊಡಗುವ ಮಿತಿ) 240 ಮಾತ್ರ. ಪೈಪ್ ದಪ್ಪ ಮಾಡಿದರೂ ಆ 480 ಇಳಿಯದು, ಆಂಕರ್ (ತುದಿಯನ್ನು ಬಿಗಿದ ಜಾಗ) ಮೇಲಿನ ಬಲ ಮಾತ್ರ ಏರುತ್ತದೆ.

ಆ 72 ಮಿ.ಮೀ.ಯನ್ನು ಎಲ್ಬೋ ಆಚೆಗಿನ ಅಡ್ಡಕಾಲು ಬಾಗಿ ನುಂಗಬೇಕು. ಇ (ಉಕ್ಕಿನ ಸ್ಥಿತಿಸ್ಥಾಪಕತೆಯ ಅಂಕ), ಹೊರವ್ಯಾಸ, ಹಿಗ್ಗುವಿಕೆ ಗುಣಿಸಿ, ಅದರ ಮೂರು ಪಟ್ಟನ್ನು ಅನುಮತಿಸಿದ ಸ್ಟ್ರೆಸ್‌ನಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಇ 2,00,000 ಎಂಪಿಎ, ವ್ಯಾಸ 168.3 ಮಿ.ಮೀ., ಮಿತಿ 205 ಎಂಪಿಎ ಎಂದರೆ ಸುಮಾರು 6 ಮೀಟರ್ ಕಾಲು ಬೇಕು. ಆ ಕಾಲಿನ ನಡುವೆ ಗೈಡ್ (ಪಕ್ಕಕ್ಕೆ ಸರಿಯದಂತೆ ತಡೆಯುವ ಸಪೋರ್ಟ್) ಹಾಕಿದಿರೋ, ಬಾಗುವ ಉದ್ದ 3 ಮೀಟರಿಗೆ ಇಳಿದು ಸ್ಟ್ರೆಸ್ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಗೊಂದಲದ ಬೇರು ಇಲ್ಲೇ ಇದೆ: ಸಸ್ಟೇನ್ಡ್ (ತೂಕ, ಒತ್ತಡದ ಲೆಕ್ಕ) ಫೇಲ್ ಆದರೆ ಸಾಮಾನ್ಯವಾಗಿ ಸಪೋರ್ಟ್ ಕಡಿಮೆಯಾಗಿದೆ, ಎಕ್ಸ್‌ಪಾನ್ಷನ್ (ಹಿಗ್ಗುವಿಕೆಯ ಲೆಕ್ಕ) ಫೇಲ್ ಆದರೆ ಎಲ್ಲೋ ಹೆಚ್ಚಾಗಿ ಬಿಗಿದಿದ್ದೀರಿ.

ಉತ್ತರ 2
ತೂಕದ ಲೆಕ್ಕವನ್ನೂ ಮಾಡಿ. ಪೈಪ್ 28, ನೀರು 18.6, ಒಟ್ಟು ಸುಮಾರು 47 ಕೆ.ಜಿ. ಪ್ರತಿ ಮೀಟರಿಗೆ. 5.2 ಮೀಟರ್ ಸ್ಪ್ಯಾನ್‌ಗೆ ಬಾಗುವ ಸ್ಟ್ರೆಸ್ ಬರುವುದು ಸುಮಾರು 9 ಎಂಪಿಎ. ಮಾಡೆಲ್‌ನಲ್ಲಿ ಇದು 90 ಬಂದರೆ ಯೂನಿಟ್ ಅಥವಾ ಸಪೋರ್ಟ್ ಎಡವಿದೆ ಎಂದು ತಕ್ಷಣ ಹಿಡಿಯಬಹುದು.

ಸಸ್ಟೇನ್ಡ್‌ಗೂ ಎಕ್ಸ್‌ಪಾನ್ಷನ್‌ಗೂ ಬೇರೆ ಬೇರೆ ಎರಡು ಮಿತಿ ಯಾಕೆಂದರೆ, ತೂಕ, ಒತ್ತಡಗಳು ಪೈಪ್ ಯೀಲ್ಡ್ ಆದರೂ ಬಿಡುವುದಿಲ್ಲ, ಬೀಳಿಸುವವರೆಗೂ ಎಳೆಯುತ್ತವೆ. ಹಿಗ್ಗುವಿಕೆ ಹಾಗಲ್ಲ; ಸ್ವಲ್ಪ ಯೀಲ್ಡ್ ಆದರೆ ತಾನೇ ಸಡಿಲವಾಗುತ್ತದೆ. ಅಲ್ಲಿ ಭಯ ಬಿಸಿ-ತಂಪಿನ ಆವರ್ತನೆಯಿಂದ ಬರುವ ಫಟೀಗ್ ಬಿರುಕು. ಅದಕ್ಕೇ ಬಿ31.3ರಲ್ಲಿ (ಎಎಸ್‌ಎಂಇಯ ಪೈಪಿಂಗ್ ಕೋಡ್) ಸ್ಟ್ರೆಸ್ ರೇಂಜ್‌ಗೆ 1.25 ಎಸ್‌ಸಿ + 0.25 ಎಸ್‌ಎಚ್ (ಕ್ರಮವಾಗಿ ತಂಪಿನಲ್ಲಿ, ಬಿಸಿಯಲ್ಲಿ ಅನುಮತಿಸಿದ ಸ್ಟ್ರೆಸ್) ಎಂಬ ದೊಡ್ಡ ಮಿತಿ, ಆವರ್ತನೆ ಹೆಚ್ಚಾದರೆ ಅದಕ್ಕೆ ಕಡಿತ.

ಎಲ್ಬೋ ಲೆಕ್ಕ ಬಿಡಬೇಡಿ. ನಿಮ್ಮದು ಲಾಂಗ್ ರೇಡಿಯಸ್ ಎಲ್ಬೋ ಆದರೆ ಫ್ಲೆಕ್ಸಿಬಿಲಿಟಿ ಫ್ಯಾಕ್ಟರ್ (ನೇರ ಪೈಪಿಗಿಂತ ಎಷ್ಟು ಪಟ್ಟು ಸುಲಭವಾಗಿ ಬಾಗುತ್ತದೆ) ಸುಮಾರು 6.6, ಇನ್-ಪ್ಲೇನ್ (ಎಲ್ಬೋ ಸಮತಲದಲ್ಲೇ ಬಾಗುವಾಗಿನ) ಎಸ್‌ಐಎಫ್, ಅಂದರೆ ಸ್ಟ್ರೆಸ್ ಎಷ್ಟು ಪಟ್ಟಾಗುತ್ತದೆ ಎಂಬ ಗುಣಕ, 2.3. ಈ ಎಸ್‌ಐಎಫ್‌ಗಳ ಮೂಲ ಎಂಜಿನಿಯರ್ ಮಾರ್ಕ್ಲ್ ನಡೆಸಿದ ಫಟೀಗ್ ಪರೀಕ್ಷೆಗಳು. ಅಲ್ಲಿ 1 ಎಂದರೆ ಬಟ್ ವೆಲ್ಡ್ ಇರುವ ಪೈಪ್, ನುಣುಪು ಪೈಪ್ ಅಲ್ಲ.

ಉತ್ತರ 3
ಹಸಿರು (ಎಲ್ಲ ಪಾಸ್ ಎನ್ನುವ) ರಿಪೋರ್ಟ್ ಮುಚ್ಚಿಡುವ ತಪ್ಪು ಒಂದಿದೆ: ಲಿಫ್ಟ್-ಆಫ್. ಲಂಬ ಪೈಪ್ ಹಿಗ್ಗಿ ಮೇಲೆದ್ದಾಗ ಪಕ್ಕದ ರೆಸ್ಟ್ (ಪೈಪ್ ಕೆಳಗಿನ ಸಪೋರ್ಟ್) ಮೇಲಿಂದ ಪೈಪ್ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ. ತಂಪಿನ ಸಸ್ಟೇನ್ಡ್ ಕೇಸ್‌ನಲ್ಲಿ ಆ ರೆಸ್ಟ್ ಭಾರ ಹೊರುತ್ತಲೇ ಇರುತ್ತದೆ, ಹಾಗಾಗಿ ಪಾಸ್. ಬಿಸಿಯಲ್ಲಿ ಆ ಭಾರ ಪಂಪ್ ನಾಜಲ್ (ಪೈಪ್ ಸೇರುವ ಬಾಯಿ) ಇದ್ದರೆ ಅದರ ಮೇಲೆ ಕೂರುತ್ತದೆ. ಆಪರೇಟಿಂಗ್ ಕೇಸ್‌ನ ರೆಸ್ಟ್ರೇಂಟ್ (ಸಪೋರ್ಟ್ ಬಲಗಳ) ಪಟ್ಟಿಯಲ್ಲಿ ಸೊನ್ನೆ ಹುಡುಕಿ. ಕಂಡಲ್ಲಿ ಸ್ಪ್ರಿಂಗ್ ಸಪೋರ್ಟ್ ಬೇಕೇ ನೋಡಿ. ಫ್ರಿಕ್ಷನ್ (ಘರ್ಷಣೆ) ಗುಣಾಂಕ 0.3 ಇಟ್ಟು, ಇಡದೆ, ಎರಡೂ ಓಡಿಸಿ ನಾಜಲ್ ಲೋಡ್ ಹೋಲಿಸಿ.

ಬೆಲ್ಲೋಸ್ (ಹಿಗ್ಗುವಿಕೆ ನುಂಗುವ ಸುಕ್ಕುಗೋಡೆಯ ಕೊಳವೆ ತುಂಡು) ಹಾಕಿ ಪಾರಾಗೋಣ ಎನ್ನುವ ಮೊದಲು ಇಂಗ್ಲೆಂಡಿನ ಫ್ಲಿಕ್ಸ್‌ಬರೊ ರಾಸಾಯನಿಕ ಕಾರ್ಖಾನೆಯ ಅವಘಡ ಓದಿ. 1974ರ ಜೂನ್ 1ರಂದು 28 ಜನ ಸತ್ತರು. ಎರಡು 28 ಇಂಚಿನ ಬೆಲ್ಲೋಸ್ ನಡುವೆ 20 ಇಂಚಿನ ಅಂಕುಡೊಂಕು ಬೈಪಾಸ್ ಪೈಪ್ ಕೂರಿಸಿದ್ದರು. 8.8 ಬಾರ್‌ನಲ್ಲಿ ಬೆಲ್ಲೋಸ್ ಒಂದೊಂದರ ಪ್ರೆಶರ್ ಥ್ರಸ್ಟ್ (ಒಳಗಿನ ಒತ್ತಡ ತಳ್ಳುವ ಬಲ) 35 ಟನ್‌ಗೂ ಹೆಚ್ಚು. ಎರಡು ತುದಿಗಳು ಒಂದೇ ನೇರದಲ್ಲಿಲ್ಲದ್ದರಿಂದ ಅದು ಪೈಪನ್ನು ಬಾಗಿಸುವ ಮೊಮೆಂಟ್ (ಬಲದ ತಿರುಚುವ ಪರಿಣಾಮ) ಆಯಿತು. ಆ ಮೊಮೆಂಟ್ ಅನ್ನು ಯಾರೂ ಲೆಕ್ಕ ಹಾಕಿರಲಿಲ್ಲ.