ಸೊಸೈಟಿಯಲ್ಲಿ ಸಿಪಿಆರ್ ಅಭ್ಯಾಸ: ಒಂದು ಗಂಟೆಯಲ್ಲಿ ಏನು ಕಲಿಸಬೇಕು?

ಡೊಂಬಿವಲಿ ಕನ್ನಡಿಗ: ಭಾನುವಾರ ನಮ್ಮ ಸೊಸೈಟಿಯಲ್ಲಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಪ್ರಥಮ ಚಿಕಿತ್ಸೆ) ಅಭ್ಯಾಸ ಇದೆ. ಇರೋದು ಒಂದೇ ಗಂಟೆ, ಎರಡು ಮ್ಯಾನಿಕಿನ್ (ಅಭ್ಯಾಸದ ಗೊಂಬೆ). ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಕಲಿಸಬೇಕೇ? ಪಕ್ಕೆಲುಬು ಮುರಿದರೆ ಏನು ಗತಿ ಅಂತ ಹಲವರಿಗೆ ಭಯ. ವಾಚ್‌ಮನ್‌ಗಳನ್ನೂ ಕರೆಯೋಣವೇ?

ಮುಲುಂಡ್ ನರ್ಸ್: ನಾಡಿ ಹಿಡಿದು ನೋಡುವುದನ್ನು ಬಿಟ್ಟೇಬಿಡಿ ಸರ್, ಅಭ್ಯಾಸವಿಲ್ಲದವರಿಗೆ ಅದು ಗೊತ್ತಾಗುವುದಿಲ್ಲ. ಹೆಗಲು ತಟ್ಟಿ ಜೋರಾಗಿ ಕರೆಯಲಿ, ಉಸಿರಾಟ ನೋಡಲು 10 ಸೆಕೆಂಡ್ ಮೀರದಿರಲಿ. ಜನ ಎಡವುವುದು ಇಲ್ಲೇ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ನೀರಿಂದ ತೆಗೆದ ಮೀನಿನ ಹಾಗೆ ಆಗಾಗ ಬಾಯಿ ತೆರೆಯುತ್ತಾರೆ, ಗೊರಕೆಯಂಥ ಸದ್ದೂ ಬರುತ್ತದೆ. ‘ಉಸಿರಾಡ್ತಿದಾರೆ’ ಅಂದುಕೊಂಡು ನೀರು ಕುಡಿಸಲು ಹೋಗಬಾರದು. 108ಕ್ಕೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ, ತಕ್ಷಣ ಎದೆ ಒತ್ತಬೇಕು.

ಹಾಸಿಗೆ ಮೇಲಿದ್ದರೆ ನೆಲಕ್ಕಿಳಿಸಿ. ಮೆತ್ತನೆಯ ಗಾದಿ ನಿಮ್ಮ ಬಲವನ್ನೆಲ್ಲ ನುಂಗುತ್ತದೆ. ಎದೆಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ, ಹೆಗಲು ಕೈಗಳ ನೇರ ಮೇಲೆ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆದ್ದರೆ ಮಾತ್ರ ಹೃದಯಕ್ಕೆ ಮತ್ತೆ ರಕ್ತ ತುಂಬುತ್ತದೆ. ಸುಸ್ತಾದವರು ಗೊತ್ತಿಲ್ಲದೆ ಎದೆ ಮೇಲೇ ಭಾರ ಬಿಟ್ಟಿರುತ್ತಾರೆ, ಹಾಗಾಗಿ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ.

ಪಕ್ಕೆಲುಬು ಮುರಿಯಬಹುದು, ವಯಸ್ಸಾದವರಲ್ಲಂತೂ ‘ಲಟಕ್’ ಅನ್ನುವುದು ಕೈಗೇ ತಿಳಿಯುತ್ತದೆ. ಆದರೂ ನಿಲ್ಲಿಸಬೇಡಿ. ಮೂಳೆ ಕೂಡುತ್ತದೆ, ರಕ್ತ ಸಿಗದ ಮಿದುಳು ಕೆಲವೇ ನಿಮಿಷದಲ್ಲಿ ಹಾಳಾಗತೊಡಗುತ್ತದೆ.

ಪುಣೆ ತರಬೇತುದಾರ: ದೊಡ್ಡವರು ಇದ್ದಕ್ಕಿದ್ದಂತೆ ಕುಸಿದರೆ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ, ಬರೀ ಎದೆ ಒತ್ತುವುದರಿಂದಲೇ ಶುರು ಮಾಡಬಹುದು. ಒಂದು ಗಂಟೆಯಲ್ಲಿ ಅಷ್ಟನ್ನೇ ಕೈಗೆ ಹತ್ತಿಸಿ. ನಿಮ್ಮಲ್ಲಿ ಸ್ವಿಮಿಂಗ್ ಪೂಲ್ ಇದ್ದರೆ ಮಾತ್ರ ಮಾತು ಬೇರೆ: ನೀರಲ್ಲಿ ಮುಳುಗಿದವರಿಗೆ, ಚಿಕ್ಕಮಕ್ಕಳಿಗೆ ಉಸಿರೂ ಬೇಕೇ ಬೇಕು. ಕಾಪಾಡುವವರು ಒಬ್ಬರೇ ಇದ್ದರೆ 30 ಒತ್ತು, 2 ಉಸಿರು. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ವಾಚ್‌ಮನ್‌ಗಳನ್ನು ಖಂಡಿತ ಕರೆಯಿರಿ, ರಾತ್ರಿ ಪಾಳಿಯವರನ್ನೂ. ಒಬ್ಬರು ಗೇಟು ತೆಗೆದು ಲಿಫ್ಟನ್ನು ಕೆಳಗೆ ಹಿಡಿದಿಡಬೇಕು, ಇನ್ನೊಬ್ಬರು ದಾರಿಗಡ್ಡ ನಿಂತ ಸ್ಕೂಟರ್ ಸರಿಸಬೇಕು. ವಿಂಗ್, ಮಹಡಿ, ಹತ್ತಿರದ ಗುರುತು, ಇವನ್ನು ಮರಾಠಿಯಲ್ಲಿ ಬರೆದು ಗೇಟಿನ ಫೋನ್ ಪಕ್ಕ ಅಂಟಿಸಿ.

ಡೊಂಬಿವಲಿ ಕನ್ನಡಿಗ: ಪೂಲ್ ಇಲ್ಲ. ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಕೊಳ್ಳುವ ಮಾತು ನಡೆದಿದೆ, ಅದಕ್ಕೇನು ಎಚ್ಚರ?

ಮುಲುಂಡ್ ನರ್ಸ್: ಕಮಿಟಿ ಆಫೀಸಿನಲ್ಲಿಟ್ಟು ಬೀಗ ಹಾಕಬೇಡಿ, ಗೇಟಿನ ಬಳಿಯೇ ಇರಲಿ. ಪ್ಯಾಡ್‌ಗೂ ಬ್ಯಾಟರಿಗೂ ಎಕ್ಸ್‌ಪೈರಿ ಇದೆ, ಯಾರಾದರೊಬ್ಬರು ತಿಂಗಳಿಗೊಮ್ಮೆ ನೋಡಲಿ. ಜೊತೆಗೆ ಕತ್ತರಿ, ರೇಜರ್, ಒಣ ಟವೆಲ್ ಇಡಿ. ನಮ್ಮ ಮುಂಬೈ ಸೆಕೆಗೆ ಎದೆ ಬೆವತಿದ್ದರೆ ಪ್ಯಾಡ್ ಅಂಟುವುದೇ ಇಲ್ಲ, ಮೊದಲು ಒರೆಸಬೇಕು. ಒಂದು ಪ್ಯಾಡ್ ಬಲಗಡೆ ಕಾಲರ್ ಬೋನ್ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗಿನ ಪಕ್ಕೆಗೆ. ಯಂತ್ರ ಪರೀಕ್ಷಿಸುವಾಗ, ಶಾಕ್ ಕೊಡುವಾಗ ಯಾರೂ ಮುಟ್ಟಬಾರದು. ಶಾಕ್ ಆದ ಕೂಡಲೇ, ಯಂತ್ರ ನೋಡುತ್ತ ಕೂರದೆ, ಮತ್ತೆ ಒತ್ತಲು ಶುರು ಮಾಡಿ.