ಡಿ.ಒ. ಕಾಲೇಜು: ಆಸ್ಪತ್ರೆ ತರಬೇತಿ ನಂಬಬಹುದಾ?

ಪ್ರಶ್ನೆ: ಮಗಳು ಅಮೆರಿಕದ ಆಸ್ಟಿಯೋಪಥಿಕ್ ಕಾಲೇಜುಗಳಿಗೆ (ಡಿ.ಒ. ಅನ್ನೋ ವೈದ್ಯ ಪದವಿ ಕೊಡೋ ಕಾಲೇಜುಗಳು) ಅರ್ಜಿ ಹಾಕ್ತಿದಾಳೆ. ಇಷ್ಟವಾದ ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲ, ಮೂರನೇ ವರ್ಷ ತರಬೇತಿಗೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಕಳಿಸ್ತಾರಂತೆ. ಏನೇನು ವಿಚಾರಿಸಬೇಕು?

ಉತ್ತರ 1: ಸ್ವಂತ ಆಸ್ಪತ್ರೆ ಇಲ್ಲದಿರೋದು ಡಿ.ಒ. ಕಾಲೇಜುಗಳಲ್ಲಿ ಮಾಮೂಲು, ಅದೊಂದೇ ಕಾರಣಕ್ಕೆ ಬಿಡಬೇಡಿ. ಆಸ್ಪತ್ರೆಗಳ ಜೊತೆ ಕಾಲೇಜಿನ ಒಪ್ಪಂದ ಎಷ್ಟು ವರ್ಷದ್ದು, ರದ್ದು ಮಾಡೋಕೆ ಎಷ್ಟು ದಿನದ ನೋಟಿಸ್ ಅಂತ ಕೇಳಿ. ಆಸ್ಪತ್ರೆ ಮಾರಾಟವಾದರೆ, ಇನ್ನೊಂದು ಕಾಲೇಜು ಹೆಚ್ಚು ದುಡ್ಡು ಕೊಟ್ಟರೆ ತರಬೇತಿ ಸೀಟು ಕೈತಪ್ಪಬಹುದು. ದೊಡ್ಡ ಬೋಧನಾ ಆಸ್ಪತ್ರೆಯೂ ಶಾಶ್ವತವಲ್ಲ: 2019ರಲ್ಲಿ ಫಿಲಡೆಲ್ಫಿಯಾದ ಹಾನೆಮನ್ ಆಸ್ಪತ್ರೆ ಮುಚ್ಚಿದಾಗ 500ಕ್ಕೂ ಹೆಚ್ಚು ರೆಸಿಡೆಂಟ್‌ಗಳು (ಪದವಿ ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯೋ ವೈದ್ಯರು) ಬೇರೆ ಕಡೆ ಜಾಗ ಹುಡುಕಬೇಕಾಯ್ತು.

ಉತ್ತರ 2: ಮೇಡಂ, ನಾನು ಮೊದಲು ನೋಡೋದು ಇಂಟರ್ನಲ್ ಮೆಡಿಸಿನ್ (ದೊಡ್ಡವರ ಕಾಯಿಲೆಗಳ ವಿಭಾಗ) ತರಬೇತಿ. ಎಷ್ಟು ವಾರ ವಾರ್ಡಿನಲ್ಲಿ, ಎಷ್ಟು ವಾರ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ? ಬೆಳಿಗ್ಗೆ ರೆಸಿಡೆಂಟ್‌ಗಳ ಜೊತೆ ರೌಂಡ್ಸ್‌ಗೆ ಹೋಗಿ, ರೋಗಿಯ ನೋಟ್ ತಾನೇ ಬರೆದು, ತಿದ್ದಿಸಿಕೊಳ್ಳೋ ಅಭ್ಯಾಸ ಹಿಂದೆ ನಿಂತು ನೋಡೋದರಿಂದ ಬರಲ್ಲ. ಬರೀ ನೋಡಿದ್ದರೆ ರೆಸಿಡೆನ್ಸಿಗೆ ಬೇಕಾಗೋ ಶಿಫಾರಸು ಪತ್ರವೂ ಸಪ್ಪೆಯಾಗುತ್ತೆ. ಸರ್ಜರಿ, ಮಕ್ಕಳ ವಿಭಾಗ, ಹೆರಿಗೆ, ಸೈಕಿಯಾಟ್ರಿ ಒಂದೇ ಊರಲ್ಲಾ, ಪ್ರತಿ ಸಲ ಮನೆ ಬದಲಿಸಬೇಕಾ, ಜಾಗ ಹುಡುಕೋರು ಕಾಲೇಜಿನವರಾ ವಿದ್ಯಾರ್ಥಿಯಾ, ಇದನ್ನೂ ಕೇಳಿ. ಸಂದರ್ಶನದಲ್ಲಿ "ನೂರಾರು ಸಹಭಾಗಿ ಆಸ್ಪತ್ರೆಗಳಿವೆ" ಅಂದರೆ ಒಪ್ಪಬೇಡಿ. ಈ ವರ್ಷ ಯಾವ ಆಸ್ಪತ್ರೆಗೆ ಎಷ್ಟು ಜನರನ್ನು ಕಳಿಸಿದಾರೆ, ಆ ಪಟ್ಟಿ ಕೊಡಿ ಅನ್ನಿ. ನಾಲ್ಕನೇ ವರ್ಷದವರನ್ನೂ ಮಾತಾಡಿಸಿ.

ಉತ್ತರ 3: ಡಿ.ಒ. ಕಾಲೇಜುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಕೋಕಾ (COCA), ಅದರ ಜಾಲತಾಣದಲ್ಲಿ ಕಾಲೇಜಿನ ಮಾನ್ಯತೆ ನೋಡಿ. "ಪ್ರೊಬೇಷನ್" (ಮಾನ್ಯತೆ ಅಪಾಯದಲ್ಲಿರೋ ಸ್ಥಿತಿ) ಅಂತಿದ್ದರೆ ಕಾರಣ ತಿಳಿಯದೆ ಮುಂಗಡ ಕಟ್ಟಬೇಡಿ. ಕಾಮ್‌ಲೆಕ್ಸ್ (ಡಿ.ಒ.ಗಳ ಲೈಸೆನ್ಸ್ ಪರೀಕ್ಷೆ) ಪಾಸಾದವರ ಪ್ರಮಾಣವನ್ನೂ ರೆಸಿಡೆನ್ಸಿ ಸಿಕ್ಕವರ ಪ್ರಮಾಣವನ್ನೂ ಒಟ್ಟಿಗೆ ನೋಡಿ.