ಆಟಿಸಂ ಮಕ್ಕಳ ಜೊತೆ ಇಂಟರ್ನ್‌ಶಿಪ್, ಮಂಗಳೂರಲ್ಲಿ ಎಲ್ಲಿ ಕೇಳುದು?

ಪ್ರಶ್ನೆ: ನಾನು ಬಿಎ ಸೈಕಾಲಜಿ ಫೈನಲ್ ಇಯರ್, ಮನೆ ಸುರತ್ಕಲ್. ರಜೆಯಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ಇಂಟರ್ನ್‌ಶಿಪ್ ಮಾಡ್ಬೇಕು ಅಂತ ಉಂಟು. ಎಲ್ಲಿ ಕೇಳುದು, ಥೆರಪಿ ಮಾಡ್ಲಿಕ್ಕೆ ಬಿಡ್ತಾರಾ?

ಉತ್ತರ 1: ಥೆರಪಿ ನಿಮ್ಮ ಕೈಗೆ ಕೊಡುದಿಲ್ಲ ಮಾರಾಯ್ರೆ, ಕೊಡ್ಲೂಬಾರ್ದು. ಸ್ಪೀಚ್ ಥೆರಪಿ, ಸ್ಪೆಷಲ್ ಎಜುಕೇಶನ್ ಎಲ್ಲ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಶನ್ ಇದ್ದವರ ಕೆಲಸ. ನಿಮಗೆ ಸಿಗುದು ನೋಡುದು, ನೋಟ್ಸ್ ಬರೆಯುದು, ಚಿತ್ರದ ಕಾರ್ಡ್ ಕತ್ತರಿಸುದು, ಗುಂಪಿನಲ್ಲಿ ಆಡುವಾಗ ಒಂದು ಮಗುವಿನ ಪಕ್ಕ ಕೂತುಕೊಳ್ಳುದು, ಅದ್ರಲ್ಲೇ ಬೇಕಾದಷ್ಟು ಕಲೀಲಿಕ್ಕುಂಟು. ಕಂಕನಾಡಿ ಫಾದರ್ ಮುಲ್ಲರ್‌ನ ಸ್ಪೀಚ್ ಆಂಡ್ ಹಿಯರಿಂಗ್ ಕಾಲೇಜು, ಮಣಿಪಾಲ ಎರಡೂ ಕಡೆ ವಿಚಾರಿಸಿ, ಕಾಲೇಜಿನ ಲೆಟರ್ ಹಿಡ್ಕೊಂಡೇ ಹೋಗಿ.

ಉತ್ತರ 2: ನಾನು ಆಟಿಸಂ ಇರುವ ಹುಡುಗನ ಅಮ್ಮ, ಉಡುಪಿಯಿಂದ. ಒಂದು ವಾರ ಬಂದು ಸರ್ಟಿಫಿಕೇಟ್ ತಗೊಂಡು ಹೋಗುವವ್ರು ದಯವಿಟ್ಟು ಬೇಡ, ನನ್ನ ಮಗನಿಗೆ ನಿಮ್ಮ ಮುಖ ಅಭ್ಯಾಸ ಆಗ್ಲಿಕ್ಕೇ ಅಷ್ಟು ಟೈಮ್ ಬೇಕು, ಆಮೇಲೆ ನೀವಿಲ್ಲ ಅಂದ್ರೆ ಅವ ಮತ್ತೆ ಹಠ ಹಿಡೀತಾನೆ. ಕಣ್ಣಿಗೆ ಕಣ್ಣಿಟ್ಟು ನೋಡು ಅಂತ ಒತ್ತಾಯ ಮಾಡ್ಬೇಡಿ, ಅವ ನೋಡದೇನೂ ಕೇಳಿಸ್ಕೊಳ್ತಾನೆ. ಸೆಂಟ್ ಹೊಡ್ಕೊಂಡು ಬರ್ಬೇಡಿ. ಕಿವಿ ಮುಚ್ಚಿಕೊಂಡ್ರೆ ಬಯ್ಬೇಡಿ, ನಮಗೆ ಸಾಮಾನ್ಯ ಅನ್ಸುವ ಮಿಕ್ಸಿ ಶಬ್ದವೂ ಅವನಿಗೆ ತಡ್ಕೊಳ್ಲಿಕ್ಕೆ ಆಗುದಿಲ್ಲ. ಮತ್ತೆ ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕ್ಲಿಕ್ಕಿಲ್ಲ (ಇದನ್ನ ಹೇಳ್ಬೇಕಾ ಅಂತ ಕೇಳ್ಬೇಡಿ, ಹೇಳ್ಲೇಬೇಕು).

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಅಕ್ಕ. ಸ್ಟೈಪೆಂಡ್ ಇರ್ತದಾ?

ಉತ್ತರ 1: ಆಸೆ ಇಟ್ಕೊಳ್ಬೇಡಿ, ಬಸ್ಸಿನ ಖರ್ಚು ನಿಮ್ದೇ ಅಂತ ಲೆಕ್ಕ ಹಾಕಿ.